ಶ್ರವಣನ ಕಾರಿನ ಸದ್ದು

ಪುತ್ತಿಗೆ, ಮೂಡುಬಿದಿರೆ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ರಂಜಿತಣ್ಣಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ದಿನವಿಡೀ ನಿಂತೇ ಇರುವ ಕೆಲಸ ನಿನ್ನದು, ಆ ಬೆಲ್ಟನ್ನು ನಾಚಿಕೆಪಡದೆ ಕಟ್ಟಿಕೋ. ಇಲ್ಲಿ ಅಪ್ಪನ ಶುಗರ್ ಹತೋಟಿಯಲ್ಲಿದೆ. ಅಮ್ಮ ಈಗೀಗ ಎರಡು ಹೊತ್ತು ಸರಿಯಾಗಿ ಊಟ ಮಾಡುತ್ತಿದ್ದಾರೆ; ನೀನು ಫೋನ್ ಮಾಡಿದಾಗಲೆಲ್ಲ ಕೇಳುವುದರಿಂದ ಅದನ್ನೇ ಮೊದಲು ಬರೆದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುವೆ. ತಮ್ಮನ ಮಾತು, ಶ್ರವಣನ ಹೆಸರು ಬಂದ ಕೂಡಲೇ "ಡ್ಯೂಟಿ ಉಂಟು, ಮತ್ತೆ ಮಾಡ್ತೇನೆ" ಎಂದು ನೀನು ಇಟ್ಟುಬಿಡುತ್ತೀ. ಗ್ಯಾರೇಜಿನ ನಿಝಾರನ ಭಾವ ನಾಡಿದ್ದು ಶಾರ್ಜಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟರೆ ಓದದೆ ನಿನಗೆ ಬೇರೆ ದಾರಿಯಿಲ್ಲ ಎಂದುಕೊಂಡು ಬರೆಯಲು ಕುಳಿತೆ.

ನೀನು ಕಳಿಸಿದ ಪೆಟ್ಟಿಗೆ ತಲುಪಿತು. ಗಾಳಿ ಎಳೆಯುವ ದೊಡ್ಡ ಫಿಲ್ಟರ್, ಹೊಗೆ ಹೋಗುವ ಹೊಳೆಯುವ ಕೊಳವೆಗಳು, ಹೊಸ ಸೈಲೆನ್ಸರ್, ಎಲ್ಲವೂ ಸುಸೂತ್ರವಾಗಿ ಬಂದವು. ಅಪ್ಪ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಚಾವಡಿಯಲ್ಲಿ ಸಾಲಾಗಿ ಇಟ್ಟರು. "ಇದೆಲ್ಲ ಶ್ರವಣನಿಗೆ ಬೇಕು ಅಂತ ಇತ್ತಾ?" ಎಂದು ಕೇಳಿದರು. ಹೌದು ಎಂದೆ. ಸುಳ್ಳಲ್ಲವಲ್ಲ. ಜ್ವರ ಬರುವ ಹಿಂದಿನ ವಾರವೂ ಅವನು ಮೊಬೈಲಿನಲ್ಲಿ ಇಂಥವೇ ಸಾಮಾನಿನ ಚಿತ್ರ ತೋರಿಸಿ, "ಅಕ್ಕಾ, ಇದನ್ನು ಹಾಕಿದರೆ ನಮ್ಮ ಸಿಟಿ ಹುಲಿ ಆಗ್ತದೆ ನೋಡು" ಎಂದಿದ್ದ. ಇಪ್ಪತ್ತು ವರ್ಷ ದಾಟಿದ ಆ ಹೋಂಡಾ ಸಿಟಿಯನ್ನು ಯಾರೋ ಗುಜರಿಗೆ ಹಾಕುವುದರಲ್ಲಿದ್ದಾಗ ಎಳೆದು ತಂದವನು ಅವನು. ಹಳೆಯದಾದರೂ ಅದರ ಎಂಜಿನ್ನಿನಂಥದ್ದು ಈಗ ಬರುವುದಿಲ್ಲ ಎಂದು ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದ. ಹೋದ ಆಟಿ ತಿಂಗಳ ಮಳೆಯಲ್ಲಿ ಡೆಂಗ್ಯೂ ಬಂದು ಆಸ್ಪತ್ರೆಗೆ ಹೊರಟಾಗಲೂ ನನ್ನ ಕೈಗೆ ಕೀ ಕೊಟ್ಟು, "ವಾರಕ್ಕೊಮ್ಮೆ ಸ್ಟಾರ್ಟ್ ಮಾಡು, ಬ್ಯಾಟರಿ ಕೂತುಬಿಡ್ತದೆ" ಎಂದ. ನನ್ನ ಜೊತೆ ಅವನು ಆಡಿದ ಕೊನೆಯ ಪೂರ್ತಿ ಮಾತು ಅದು. ನೀನು ಇಲ್ಲಿರಲಿಲ್ಲ, ಅದಕ್ಕೆ ಬರೆದೆ. ನಿನ್ನ ಪಾಸ್‌ಪೋರ್ಟ್ ಕಂಪನಿಯಿಂದ ಕೈಗೆ ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು. "ಇನ್ನು ಬಂದು ಏನು ಮಾಡ್ಲಿಕ್ಕುಂಟು" ಎಂದೆ ನೀನು. ಆಮೇಲೆ ಒಂದೊಂದಾಗಿ ಈ ಸಾಮಾನು ಬರಲು ಶುರುವಾಯಿತು.

ಹೋದ ಶನಿವಾರ ಶಾಲೆಗೆ ರಜೆ ಹಾಕಿ, ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಸಿದ್ಧಕಟ್ಟೆ ದಾರಿಯಲ್ಲಿ ಬಿ.ಸಿ. ರೋಡಿಗೆ ಹೋದೆ. ನಿಝಾರ್ ಗ್ಯಾರೇಜಿನ ಹೊರಗೇ ನಿಂತಿದ್ದ. ಶ್ರವಣನ ಜೊತೆ ಡಿಪ್ಲೊಮಾ ಓದಿದವನು, ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದಾನೆಂದು ನಿನಗೂ ಗೊತ್ತು. ಆದರೂ ಅವತ್ತು ಬಾನೆಟ್ ಮೇಲೆ ಕೈಯಿಟ್ಟವನು ಎತ್ತದೆ ಸ್ವಲ್ಪ ಹೊತ್ತು ಹಾಗೆಯೇ ನಿಂತ. ನೀನು ಹೇಳಿದ ಹಾಗೆ ಕೇಳಿದೆ: ಇದನ್ನೆಲ್ಲ ಹಾಕಿದರೆ ಎಷ್ಟು ಪ್ರಯೋಜನ? ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅಕ್ಕಾ, ಸದ್ದು ಜೋರಾಗ್ತದೆ. ಪೂರಾ ಎಳೆದು ಓಡಿಸುವಾಗ ಮೇಲಿನ ಸ್ಪೀಡಿನಲ್ಲಿ ಒಂಚೂರು ಪಿಕಪ್ ಸಿಕ್ಕಬಹುದು. ಆದ್ರೆ ಬಿಸಿ ಎಂಜಿನ್ನಿನ ಪಕ್ಕದಿಂದಲೇ ಗಾಳಿ ಎಳೆದರೆ ಆ ದೊಡ್ಡ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಇದರ ಎಂಜಿನ್ ಕೂರುವ ರಬ್ಬರು ಹೋಗಿದೆ, ಬ್ರೇಕಿನ ಪೈಪು ಒಣಗಿದೆ, ಟಯರು ಕಲ್ಲಾಗಿದೆ. ಮೊದಲು ಅದು ಆಗ್ಬೇಕು. ಹೊಸದನ್ನು ಹೊರಗಿಂದ ತಂದು ಕಟ್ಟುವುದು ಅದಾದ ಮೇಲಿನ ಮಾತು." ಹಾಗಾದರೆ ಶ್ರವಣ ಯಾಕೆ ಇದಕ್ಕೆ ಅಷ್ಟು ಆಸೆಪಟ್ಟ ಎಂದು ಕೇಳಿದೆ. "ಅವನಿಗೂ ಗೊತ್ತಿತ್ತು ಅಕ್ಕಾ. ಆದ್ರೂ ಆಸೆ ಅಲ್ವಾ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

ಆದರೂ ಅಣ್ಣ ಕಳಿಸಿದ್ದಾನೆ, ಹಾಕು ಎಂದೆ. ಹಾಕಿದ. ಸಂಜೆ ಅವನನ್ನೂ ಕೂರಿಸಿಕೊಂಡು ಬೆಳ್ತಂಗಡಿ ರಸ್ತೆಯಲ್ಲಿ ಪುಂಜಾಲಕಟ್ಟೆಯವರೆಗೆ ಹೋಗಿ ಬಂದೆ. ನಿನಗೆ ನಿಜ ಹೇಳಬೇಕಲ್ಲ. ಖಾಲಿ ರಸ್ತೆಯಲ್ಲಿ ಕಾಲು ಒತ್ತಿದಾಗ ಅದು ಕೂಗಿದ್ದಕ್ಕೆ ಮೈ ಜುಮ್ಮೆಂದಿತು. ಆದರೆ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಮೊದಲಿನ ಹಾಗೆ ಮೂರನೇ ಗೇರಿನಲ್ಲಿ ಎಳೆಯಲಿಲ್ಲ, ಎರಡಕ್ಕೆ ಇಳಿಸಬೇಕಾಯಿತು. ಸದ್ದಿನಲ್ಲಿ ಹುಲಿ, ಏರಿನಲ್ಲಿ ಮುದುಕ. ನಿಝಾರ್ ಕಿಟಕಿಯಾಚೆ ನೋಡುತ್ತ ಕುಳಿತಿದ್ದ.

ಮನೆಗೆ ಬಂದ ಮೇಲೆ ಆದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಶ್ರವಣನ ಕಾರು ಕೆಳಗಿನ ತಿರುವಿಗೆ ಬರುವಾಗಲೇ ಅದರ ಗೊರಗೊರ ಸದ್ದಿನಿಂದ ಅಮ್ಮನಿಗೆ ತಿಳಿಯುತ್ತಿತ್ತು, ಅವನು ಅಂಗಳಕ್ಕೆ ಬರುವಷ್ಟರಲ್ಲಿ ಒಲೆಯ ಮೇಲೆ ಕಾವಲಿ ಕಾಯುತ್ತಿತ್ತು. ಅವನು ಹೋದ ಮೇಲೂ, ಭಾನುವಾರ ನಾನು ಕಾರು ತೆಗೆದು ಒಂದು ಸುತ್ತು ಹೋಗಿ ಬಂದರೆ ಅಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇಳಿಯುವವಳು ನಾನು ಎಂದು ಗೊತ್ತಿದ್ದೇ ಬರುತ್ತಿದ್ದರು. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಂಡದ್ದಿಲ್ಲ. ಅವತ್ತು ಅಂಗಳದಲ್ಲಿ ಕಾರು ನಿಲ್ಲಿಸಿದರೂ ಅಮ್ಮ ಬರಲಿಲ್ಲ. ಒಳಗಿನಿಂದ "ಯಾರದು? ಯಾರೋ ನೆಂಟರು ಬಂದ ಹಾಗುಂಟು, ನೋಡಿ" ಎಂದು ಅಪ್ಪನಿಗೆ ಹೇಳುವುದು ಕೇಳಿಸಿತು. ನಾನೇ ಅಮ್ಮಾ ಎಂದೆ. ಹೊರಗೆ ಬಂದು ಕಾರನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು, "ಇದರ ಸದ್ದು ಎಲ್ಲಿ ಹೋಯ್ತು ಮಗಾ?" ಎಂದರು. ಅಷ್ಟೇ. ಅಲ್ಲಿಯೇ ಮೆಟ್ಟಿಲಲ್ಲಿ ಕುಳಿತು ಅತ್ತರು. ಸ್ಮಶಾನಕ್ಕೆ ಕೊಂಡುಹೋಗುವ ದಿನ ಕಲ್ಲಿನ ಹಾಗೆ ಕುಳಿತಿದ್ದ ಅಮ್ಮ ಈ ಸಲ ಬಾಯಿಬಿಟ್ಟು ಅತ್ತರು ಅಣ್ಣಾ. ಅಪ್ಪ ಏನೂ ಮಾಡಲು ತೋಚದೆ ಅಂಗಳದ ನಲ್ಲಿಯನ್ನು ಬಿಟ್ಟು, ಮತ್ತೆ ನಿಲ್ಲಿಸಿ, ಮತ್ತೆ ಬಿಟ್ಟರು.

ಮರುದಿನ ಬೆಳಿಗ್ಗೆಯೇ ಬಿ.ಸಿ. ರೋಡಿಗೆ ಹೋಗಿ ಹಳೆಯದನ್ನು ವಾಪಸು ಹಾಕು ಎಂದೆ. ಅದನ್ನು ಗುಜರಿಗೆ ಕೊಟ್ಟಿರಬಹುದೆಂದು ದಾರಿಯುದ್ದಕ್ಕೂ ಹೆದರಿದ್ದೆ. ನಿಝಾರ್ ಅಟ್ಟಕ್ಕೆ ಹತ್ತಿ, ಗೋಣಿಯಲ್ಲಿ ಸುತ್ತಿಟ್ಟ ಹಳೆಯ ಸೈಲೆನ್ಸರನ್ನು ಇಳಿಸಿ ತಂದ. ಅದರ ಹೊಟ್ಟೆ ತೂತಾಗಿದ್ದಾಗ ಶ್ರವಣನೇ ತಗಡಿನ ತೇಪೆ ಹಾಕಿ ವೆಲ್ಡಿಂಗ್ ಮಾಡಿದ್ದನಂತೆ. ಸೊಟ್ಟಸೊಟ್ಟ ಬೆಸುಗೆ. ಆ ಗೊರಗೊರ ಸದ್ದು ಬರುತ್ತಿದ್ದದ್ದೇ ಅದರಿಂದ. "ಅವನ ಕೈಯ ಕೆಲಸ ಅಕ್ಕಾ, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದು ನಿಝಾರ್ ಕಣ್ಣು ಒರೆಸಿಕೊಂಡ. ನಾನೂ ಅವನೂ ಆ ಎಣ್ಣೆಮಸಿಯ ನೆಲದಲ್ಲಿ ನಿಂತು ಅತ್ತೆವು. ಅವನ ಹೆಂಡತಿ ಶಬ್ನಾ ಚಹಾ ತಂದವಳು ನಮ್ಮನ್ನು ನೋಡಿ, ಲೋಟಗಳನ್ನು ಅಲ್ಲಿಯೇ ಇಟ್ಟು ಸದ್ದಿಲ್ಲದೆ ಒಳಗೆ ಹೋದಳು.

ಹಾಗಾಗಿ ಹೊಸ ಸಾಮಾನು ಮತ್ತೆ ಪೆಟ್ಟಿಗೆ ಸೇರಿದೆ. ಬ್ರೇಕಿನ ಪೈಪು, ಎಂಜಿನ್ನಿನ ರಬ್ಬರು ಮತ್ತು ಟಯರು ಬದಲಾಯಿಸಲು ಹೇಳಿ ಬಂದಿದ್ದೇನೆ. ಕಾರು ಓಡಬೇಕು, ನನಗೆ ಅಷ್ಟು ಸಾಕು. ಬೇಸರ ಮಾಡಿಕೊಳ್ಳಬೇಡ. ದಣಿದು ಬಂದ ಮೇಲೂ ನಾಲ್ಕು ಅಂಗಡಿ ಸುತ್ತಿ ತಮ್ಮನಿಗಾಗಿ ಹುಡುಕಿದವನು ನೀನು, ಅದು ನನಗೆ ಗೊತ್ತು. ಮುಂದಿನ ಸಲ ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕಳಿಸುತ್ತೇನೆ ಎಂದಿದ್ದೀಯಲ್ಲ, ಬೇಡ. ಏನೂ ಕಳಿಸಬೇಡ. ಆಟಿಗೆ ಅವನ ವರ್ಷದ ತಿಥಿ ಬರುತ್ತದೆ. ಅಷ್ಟರೊಳಗೆ ನೀನೇ ಬರಬೇಕು.

ಅಮ್ಮ ಚಟ್ನಿಪುಡಿ ಕಟ್ಟಿ ಕೊಟ್ಟಿದ್ದಾರೆ, ರೂಮಿನವರಿಗೂ ಸ್ವಲ್ಪ ಕೊಡು. ಮನೆಯವರೆಲ್ಲರ ಪ್ರೀತಿ ನಿನಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಜೀವ ನೋಡಿಕೋ.

ನಿನ್ನ ತಂಗಿ,
ಸಾತ್ವಿಕಾ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ಪಕ್ಕದಲ್ಲಿ ನಿಂತರು. "ರಂಜಿತನಿಗೆ ನನ್ನ ಮೇಲೆ ಕೋಪ ಉಂಟಾ, ಒಂದು ಮಾತು ಕೇಳಿ ಬರಿ. ಅವನು ಬರುವವರೆಗೆ ಕಾಯದೆ ಶ್ರವಣನನ್ನು ಸುಟ್ಟುಬಿಟ್ಟೆ, ಅದಕ್ಕೇ ಮನೆಗೆ ಬರುವುದಿಲ್ಲವಾ?" ಎಂದರು. ಇಷ್ಟು ತಿಂಗಳು ಅವರು ಅದನ್ನು ಒಳಗೇ ಇಟ್ಟುಕೊಂಡಿದ್ದರು ಅಣ್ಣಾ, ನನಗೆ ಗೊತ್ತೇ ಇರಲಿಲ್ಲ. ಇದಕ್ಕೆ ನನಗೆ ಉತ್ತರ ಬರೆಯಬೇಡ. ಅವರಿಗೇ ಫೋನ್ ಮಾಡು. ಮೊಬೈಲನ್ನು ಅವರು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿಯುತ್ತಾರೆ, ನೀನು ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ.