ಕಲ್ಲು ಕೂರಿಸುವ ಮುನ್ನ

ಕೆ.ಬಿ. ಬಡಾವಣೆ, ದಾವಣಗೆರೆ
ಬುಧವಾರ, 12 ಫೆಬ್ರವರಿ 2025

ಪ್ರೀತಿಯ ತಮ್ಮ ಜಯಶೀಲನಿಗೆ,

ನಿನ್ನ ಸೊಂಟದ ನೋವು ಹೇಗಿದೆ? ಗ್ಯಾರೇಜಿನಲ್ಲಿ ಬಗ್ಗಿ ಕೆಲಸ ಮಾಡಬಾರದೆಂದು ಡಾಕ್ಟರು ಹೇಳಿರುವುದು ಅಂಕಿತಾಳಿಂದ ತಿಳಿಯಿತು. ನೀನು ಕೇಳುವುದಿಲ್ಲವೆಂಬುದೂ ತಿಳಿಯಿತು. ನಿನ್ನ ಮಗಳು ದಿನಾ ಕಾಲೇಜು ಮುಗಿಸಿ, ನನ್ನ ಮನೆಯಲ್ಲಿ ಉಂಡೇ ಹರಿಹರದ ಬಸ್ಸು ಹತ್ತುತ್ತಾಳೆ. ನಾನೂ ನೀನೂ ಮಾತು ಬಿಟ್ಟು ವರ್ಷವಾಗುತ್ತ ಬಂತು. ಅವಳು ಮಾತ್ರ ಎರಡು ಮನೆಯ ಸಾರನ್ನೂ ಉಂಡು, ಯಾವುದು ರುಚಿ ಎಂದು ಹೇಳದೆ ಜಾಣತನ ಮಾಡುತ್ತಾಳೆ. ಈ ಕಾಗದವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನ ದನಿ ಏರುತ್ತದೆ, ನನ್ನದೂ ಏರುತ್ತದೆ.

ಹೋದ ಭಾನುವಾರ ಹರಿಹರದ ನಿಮ್ಮ ಸಭೆಯಲ್ಲಿ ನೀನು ಎದ್ದು ನಿಂತು ಸಾಕ್ಷಿ ಹೇಳಿದ ವಿಡಿಯೊ ನೋಡಿದೆ. "ನನ್ನ ಅಕ್ಕ ಪುಷ್ಪಲತಾ ನನಗೆ ಅನ್ನಬಾರದ ಮಾತು ಅಂದ್ಲು. ಯೇಸುವಿನ ಹೆಸರಿನಾಗ ನಾನು ಆಕೀನ ಕ್ಷಮಿಸೀನಿ" ಎಂದು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮಾರನೆಯ ದಿನವೇ ಇಲ್ಲಿಯ ನಮ್ಮ ಸಭೆಯ ಕಮಲಕ್ಕ ನಮ್ಮ ಮೆಟ್ಟಿಲ ಮೇಲೆ ನಿಂತು, "ಟೀಚರ್, ನಿಮ್ಮ ತಮ್ಮನ ಸಾಕ್ಷಿ ಕೇಳಿ ಕಣ್ಣಾಗ ನೀರು ಬಂತು ನೋಡ್ರಿ! ಎಂಥಾ ದೊಡ್ಡ ಮನಸು! ನೀವೂ ಇನ್ನ ಸಿಟ್ಟು ಬಿಡ್ರಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದರು. ಮನೆ ಓನರ್ ಅನ್ನಪೂರ್ಣಮ್ಮನವರು ವಿಭೂತಿ ಹಚ್ಚಿಕೊಳ್ಳುತ್ತಲೇ ಹೊರಗೆ ಬಂದು, "ಯಾಕ್ರೀ, ಅವ್ನು ಕ್ಷಮಿಸೋ ಅಂಥದ್ದು ನೀವೇನ್ ಮಾಡಿದ್ರಿ?" ಎಂದು ಕೇಳಿದರು. ಏನು ಹೇಳಲಿ, ಜಯಶೀಲ? ಅರ್ಧ ಕಥೆಯನ್ನು ನೀನು ಹೇಳಿದ ಮೇಲೆ ಉಳಿದರ್ಧವನ್ನು ನಾನು ಮೆಟ್ಟಿಲ ಮೇಲೆ ನಿಂತು ಹೇಳಬೇಕೇ?

ಉಳಿದರ್ಧ ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ. ಅಮ್ಮ ತೀರಿಹೋದ ಬೆಳಿಗ್ಗೆ ನಾನು ಲೋಕಿಕೆರೆ ಕಡೆಯ ಶಾಲೆಯೊಂದರಲ್ಲಿ ಪರೀಕ್ಷಾ ಡ್ಯೂಟಿಯಲ್ಲಿದ್ದೆ. ಫೋನು ಆಫೀಸಿನ ಬೀರುವಿನಲ್ಲಿತ್ತು. ಸುದ್ದಿ ತಿಳಿದ ತಕ್ಷಣ ನಿನಗೆ ಫೋನು ಮಾಡಿ, "ಹೊಂಟೀನಿ, ನಾ ಬರೋತನಕ ಕಾಯಿ" ಎಂದೆ. ನೀನು "ಹೂಂ" ಎಂದೆ. ಆ "ಹೂಂ" ನಂಬಿಕೊಂಡೇ ಬಸ್ಸಿನಲ್ಲಿ ಕೂತು ಬಂದೆ. ಹರಿಹರದ ಸಮಾಧಿ ತೋಟಕ್ಕೆ ಬಂದಾಗ ಗುಂಡಿ ಮುಚ್ಚಿಯಾಗಿತ್ತು. ಅಗೆದವರು ಸಲಿಕೆ ತೊಳೆಯುತ್ತಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರಲ್ಲ, ಅಪ್ಪನಿಗೆ ನಾವಿಬ್ಬರೂ ಒಟ್ಟಿಗೆ ಹಾಕಿದ್ದೆವು. ಅಮ್ಮನಿಗೆ ನೀನೊಬ್ಬನೇ ಹಾಕಿದೆ. "ಬಿಸಿಲು ಐತ್ರಿ, ಅಕ್ಕ ಬರೋದು ತಡ ಆಗತೈತಿ, ಮುಗಿಸಿಬಿಡ್ರಿ" ಎಂದು ಪಾದ್ರಿ ಅಯ್ಯನವರಿಗೆ ನೀನೇ ಹೇಳಿದೆಯಂತೆ. ಅಯ್ಯನವರೇ ನನಗೆ ಹೇಳಿದರು.

ಆಗ ನಾನು, "ನಿನಗೆ ಅಕ್ಕನೂ ಸತ್ಲು ಅಂತ ತಿಳ್ಕೋ, ಅವಳ ಮೇಲೂ ಮಣ್ಣು ಎಳಿ" ಎಂದು ಕೂಗಿದ್ದು ನಿಜ. ಅಮ್ಮನ ಕಾಲ ಬುಡದಲ್ಲಿ ನಿಂತು ಆಡುವ ಮಾತಲ್ಲ ಅದು. ಅದಕ್ಕೆ ಕ್ಷಮೆ ಕೇಳುತ್ತೇನೆ, ಬರೆದೇ ಕೇಳುತ್ತಿದ್ದೇನೆ. ನೀನು ಮೈಕಿನಲ್ಲಿ ಮೊದಲೇ ಕೊಟ್ಟುಬಿಟ್ಟಿದ್ದೀ, ಅದು ಬೇರೆ ಮಾತು. ಆದರೆ ನಿನ್ನ ಸಾಕ್ಷಿಯಲ್ಲಿ ಆ "ಹೂಂ" ಎಲ್ಲಿ ಹೋಯಿತು? ಕ್ಷಮಿಸಿದವನು ನೀನಾದೆ, ಕ್ಷಮೆ ಪಡೆದವಳು ನಾನಾದೆ. ನಿನ್ನನ್ನು ಕ್ಷಮಿಸುವ ದಾರಿಯನ್ನೇ ನನಗೆ ಮುಚ್ಚಿದೆ.

ಇಲ್ಲಿ ಆರಾಧನೆಗೆ ಹೋಗುತ್ತೇನೆ. ಕರ್ತನ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ನನ್ನ ಬಾಯಿ ನಿಲ್ಲುತ್ತದೆ. ಸುತ್ತಲಿನವರು ಅದನ್ನು ದಾಟಿದ ಮೇಲೆ ಮುಂದಿನ ಸಾಲಿಗೆ ಸೇರಿಕೊಳ್ಳುತ್ತೇನೆ. ಪವಿತ್ರ ಭೋಜನಕ್ಕೂ ಎದ್ದು ಹೋಗಿಲ್ಲ. ಮೊದಲು ಹೋಗಿ ನಿನ್ನ ತಮ್ಮನೊಡನೆ ಸರಿಮಾಡಿಕೋ, ಆಮೇಲೆ ವೇದಿಯ ಹತ್ತಿರ ಬಾ ಎಂದೇ ನಮಗೆ ಕಲಿಸಿದ್ದಾರೆ. ಸರಿಮಾಡಿಕೊಳ್ಳಲು ಬಂದವಳಿಗೆ ಚಪ್ಪಾಳೆಯ ಸದ್ದು ಅಡ್ಡ ಬರುತ್ತದೆ, ತಮ್ಮ.

ನಾವು ಜಗಳವಾಡಿದರೆ ಅಮ್ಮ ಏನು ಮಾಡುತ್ತಿದ್ದಳು, ನೆನಪಿದೆಯೇ? ಮಂಡಕ್ಕಿ ಕಲಸಿ ಒಂದೇ ಪೇಪರಿನ ಮೇಲೆ ಸುರಿದು, "ಮೊದ್ಲು ಮಾತಾಡ್ರಿ, ಆಮ್ಯಾಲೆ ಕೈ ಹಾಕ್ರಿ" ಅನ್ನುತ್ತಿದ್ದಳು. ಯಾರದು ತಪ್ಪೆಂದು ಅವಳು ಕೇಳುತ್ತಿರಲಿಲ್ಲ. ಮಂಡಕ್ಕಿ ಮೆತ್ತಗಾಗುವ ಮುಂಚೆ ಇಬ್ಬರೂ ಬಾಯಿ ಬಿಡುತ್ತಿದ್ದೆವು. ಈಗ ವರ್ಷವಾಗುತ್ತ ಬಂದರೂ ಬಾಯಿ ಬಿಡಲು ಆಗಿಲ್ಲ.

ಸುಧಾಳನ್ನು ಕೇಳಿದೆನೆಂದು ಹೇಳು. ಆಗಾಗ ಉಪ್ಪಿನಕಾಯಿ ಕಳಿಸುವ ನಿನ್ನ ಹೆಂಡತಿ ನಿನಗಿಂತ ವಾಸಿ. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ, ನಿನ್ನ ಸೊಂಟವನ್ನೂ.

ನಿನ್ನ ಅಕ್ಕ,
ಪುಷ್ಪಲತಾ

ಮತ್ತೊಂದು ಮಾತು: ಕವರು ಅಂಟಿಸುವಾಗ ಅಂಕಿತಾ ಕೈ ತೊಳೆಯುತ್ತ, "ಅತ್ತೆ, ಶನಿವಾರ ಅಜ್ಜಿ ಸಮಾಧಿಗೆ ಸಿಮೆಂಟ್ ಹಾಕಿ ಕಲ್ಲು ಕೂರಿಸ್ತಾರಂತೆ" ಎಂದಳು. ಕಲ್ಲು ಕೂತ ಮೇಲೆ ನನ್ನ ಹಿಡಿ ಮಣ್ಣಿಗೆ ಜಾಗವಿಲ್ಲ. ಶುಕ್ರವಾರ ಶಾಲೆ ಬಿಟ್ಟ ಕೂಡಲೇ ನೇರ ಅಲ್ಲಿಗೆ ಬರುತ್ತೇನೆ. ನಾನು ಮಣ್ಣು ಹಾಕುವಾಗ ನೀನು ಪಕ್ಕದಲ್ಲಿರಬೇಕು. ಸಭೆಯವರು ಬೇಡ, ಮೈಕು ಬೇಡ. ಬಸ್ಸು ತಡವಾಗಬಹುದು. ಈ ಸಲ "ಹೂಂ" ಅನ್ನುವುದೂ ಬೇಡ ಜಯಶೀಲ, ಕಾಯಿ.