ಜೋಡಿಬಂಡೆಯಲ್ಲಿ ಎರಡನೇ ಬದಿ

ತುಳಿಗೇರಿ
ಭಾನುವಾರ ರದ್ದಾದ ಅರವತ್ತೊಂದನೆಯ ವರ್ಷ
ಎರಡನೆಯ ಬೇಸಿಗೆ, ಮೂವತ್ತಾರನೆಯ ತಾರೀಕು

ರಜೆಯ ದಿನ ಬೆಳಿಗ್ಗೆ ಜೋಡಿಬಂಡೆಯ ದಾರಿಯಲ್ಲಿ ಸೈಕಲ್ ತುಳಿಯುವ ಎಲ್ಲರಿಗೂ ಪಾಲಾಕ್ಷನ ನಮಸ್ಕಾರ.

ಮೊದಲು ಖರ್ಚಿನ ಬಾಬ್ತು ಮುಗಿಸಿಬಿಡುತ್ತೇನೆ. ಎರಡು ಟೈರು, ಅವೂ ಒಳಗೆ ಹರಕು ಸೀರೆ ತುರುಕಿದ್ದವು. ಒಂದು ಬಿಂದಿಗೆ ನೀರು. ನನ್ನ ಎಡ ಮೊಣಕಾಲು; ಅದು ಇನ್ನು ಮೆಟ್ಟಿಲಿಗೆ ಒದಗುವುದಿಲ್ಲ. ಆರು ತುಳಿತ ದಂಡ. ಜಾಲಿಮುಳ್ಳು ಮೂರು. ಒಂದು ಹಾಡಿನ ತಟ್ಟೆಯ ಎರಡನೆಯ ಬದಿ. ಅದಕ್ಕೆ ಬೆಲೆ ಕಟ್ಟಬಲ್ಲವರು ಈಗ ಯಾರೂ ಉಳಿದಿಲ್ಲವಾದ್ದರಿಂದ ಅದರ ಮುಂದೆ ಏನೂ ಬರೆಯದೆ ಬಿಟ್ಟಿದ್ದೇನೆ. ಇಷ್ಟು ಸುರಿದದ್ದಕ್ಕೆ ಯಾರಿಗೆ ಏನು ಬಂತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಪದಗಳೆಲ್ಲ ನಿಮ್ಮವೇ, ಅರ್ಥಗಳು ಮಾತ್ರ ಮನೆ ಬದಲಿಸಿವೆ. ನಮ್ಮಲ್ಲಿ ಹೊಲವೆಂದರೆ ಬಿಸಿಲಿನಿಂದ ಕರೆಂಟು ತೆಗೆಯುವ ಕಪ್ಪು ತಟ್ಟೆಗಳ ಹೊಲ. ನಿಮ್ಮ ಕಾಲಕ್ಕೆ ಅಲ್ಲೊಂದು ಇಲ್ಲೊಂದು ಇದ್ದ ಆ ತಟ್ಟೆಗಳು ಈಗ ಚಳ್ಳಕೆರೆಯಿಂದಾಚೆ ಕಣ್ಣು ಹೋಗುವಷ್ಟು ದೂರ ಹಬ್ಬಿವೆ. ಅವುಗಳ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲಿ ಗುಂಯ್ ಎನ್ನುತ್ತ ತಂಪುಪಟ್ಟಣಗಳಿಗೆ ಹೋಗುತ್ತದೆ. ತಂಪುಪಟ್ಟಣ ನೆಲದಡಿಯಲ್ಲಿದೆಯಂತೆ. ನೋಡಿ ಬಂದವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಒಳಗೆ ಹೋದವರು ವಾಪಸ್ಸು ಬರಲು ಅವರಿಗೇನು ಹುಚ್ಚೇ? ನಮ್ಮ ದೀಪ, ಫ್ಯಾನು, ನೀರಿನ ಪಂಪು ಎಲ್ಲವೂ ನಮ್ಮ ಕಾಲಿನಿಂದಲೇ ನಡೆಯಬೇಕು. ಮನೆಗೊಂದು ಸೈಕಲ್, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ್ದು. ಒಬ್ಬರು ಒಂದು ಹೊತ್ತು ತುಳಿದರೆ ಒಂದು ತುಳಿತ. ಸಂಬಳ, ದಂಡ, ಮದುವೆಯ ಮುಯ್ಯಿ ಎಲ್ಲವೂ ತುಳಿತದ ಲೆಕ್ಕದಲ್ಲೇ. ಸೈಕಲ್ ಮುಂದಕ್ಕೆ ಹೋಗುವ ವಸ್ತು ಎಂದು ನಮ್ಮ ಮಕ್ಕಳಿಗೆ ಹೇಳಿದರೆ, ಒರಳುಕಲ್ಲು ಊರು ಬಿಟ್ಟು ಹೋಯಿತು ಎಂದು ಕೇಳಿದವರ ಹಾಗೆ ನಗುತ್ತಾರೆ. ವಾರದಲ್ಲಿ ಒಂದು ದಿನ ಎಲ್ಲರೂ ಇಳಿದು ಕುಳಿತರೆ ಪಂಪು ನಿಲ್ಲುತ್ತದೆ. ಆದ್ದರಿಂದ ಆ ದಿನವನ್ನೇ ತೆಗೆದುಹಾಕಿದರು. ಶನಿವಾರದ ಮರುದಿನ ಸೋಮವಾರ.

ನೀವಾದರೋ ದುಡಿಮೆ ಇಲ್ಲದ ಒಂದು ದಿನ ಕೈಗೆ ಸಿಕ್ಕಾಗ ಮಲಗುವುದು ಬಿಟ್ಟು, ಬಿಗಿ ಚಡ್ಡಿ ಹಾಕಿಕೊಂಡು, ಒಂದು ದೀಪವನ್ನೂ ಉರಿಸದ ಸೈಕಲ್ಲನ್ನು ಮೈಲಿಗಟ್ಟಲೆ ತುಳಿದು, ಯಾವುದೋ ಊರಿನಲ್ಲಿ ಇಡ್ಲಿ ತಿಂದು, ಅಷ್ಟೇ ದೂರ ತುಳಿದು ವಾಪಸ್ಸಾಗುತ್ತಿದ್ದಿರಂತೆ. ಅಷ್ಟೂ ಕರೆಂಟನ್ನು ದಾರಿಯ ಉದ್ದಕ್ಕೂ ಚೆಲ್ಲಿಕೊಂಡು ಹೋಗುತ್ತಿದ್ದಿರಿ. ಮೊದಲ ಸಲ ಕೇಳಿದಾಗ ನನಗೆ ಹೊಟ್ಟೆ ಉರಿಯಿತು. ಎರಡನೆಯ ಸಲ ಕೇಳಿದಾಗ ಆಸೆಯಾಯಿತು.

ನಾನು ಕಾಲು ದಲ್ಲಾಳಿ. ಬಾಣಂತಿಯರು, ಜ್ವರದವರು, ಮದುವೆ ಗೊತ್ತಾದವರು, ಇಂಥವರ ಬದಲಿಗೆ ತುಳಿಯಲು ಬೇರೆಯವರ ಕಾಲು ಹೊಂದಿಸಿಕೊಡುವುದು ನನ್ನ ಕೆಲಸ. ಓದು ಕಡಿಮೆ, ಬಾಯಿಂದಲೇ ಮೇಲೆ ಬಂದವನು. ನಮ್ಮ ಪಕ್ಕದ ಮನೆಯ ಬೋರಕ್ಕನ ಪಾಲಿನ ತುಳಿತಕ್ಕೂ ಕಾಲು ಒದಗಿಸುವವನು ನಾನೇ. ಬೋರಕ್ಕನಿಗೆ ವಯಸ್ಸಾಗಿದೆ, ಹಿಂದೆ ಮುಂದೆ ಯಾರೂ ಇಲ್ಲ. ಆಸ್ತಿ ಎಂದರೆ ಒಂದು ಹಾಡಿನ ತಟ್ಟೆ. ಅದಕ್ಕೆ ಅವಳು ಒಮ್ಮೊಮ್ಮೆ ಆಲ್ಬಮ್ಮು ಎನ್ನುತ್ತಾಳೆ. ಆ ಪದ ಈಗ ಭೂಮಿಯ ಮೇಲೆ ಅವಳ ಬಾಯಲ್ಲಿ ಮಾತ್ರ ಉಳಿದಿರಬೇಕು. ಅದು ಅವಳ ಮುತ್ತಜ್ಜ ಕಾಟಯ್ಯನದು. ಕಾಟಯ್ಯ ನಿಮ್ಮ ಕಾಲದವನು, ಅಂಚೆ ಕಚೇರಿಯಲ್ಲಿ ಕೆಲಸ, ಭಾನುವಾರ ಬಂದರೆ ಗೆಳೆಯರ ಜೊತೆ ಸೈಕಲ್ ಹತ್ತಿ ಜೋಡಿಬಂಡೆಗೆ ಹೋಗುತ್ತಿದ್ದವನು. ಅವನು ಕೇಳುತ್ತಿದ್ದದ್ದು ರಾಕ್, ಅದೂ ಹಳೆಯ ಕಾಲದ ರಾಕ್. ರಾಕ್ ಎಂದರೆ ಬಂಡೆ ಎಂಬಷ್ಟು ಇಂಗ್ಲಿಷು ನಮ್ಮಲ್ಲೂ ಉಳಿದಿದೆ. ಬಂಡೆಯ ಹಾಡನ್ನು ಬಂಡೆಯ ಬಳಿಯಲ್ಲದೆ ಇನ್ನೆಲ್ಲಿ ಕೇಳಬೇಕು? ಹಾಗಾಗಿ ಆ ಮನೆಯಲ್ಲಿ ಒಂದು ಕಟ್ಟಳೆ ಬೆಳೆದುಬಂತು: ಮೊದಲನೇ ಬದಿ ಮನೆಯಲ್ಲಿ, ಎರಡನೇ ಬದಿ ಜೋಡಿಬಂಡೆಯಲ್ಲಿ. ಜೋಡಿಬಂಡೆಗೆ ಹೋಗುವುದು ನಿಂತ ಮೇಲೆ ಎರಡನೇ ಬದಿಗೆ ಮುಳ್ಳು ತಾಗಲೇ ಇಲ್ಲ.

ಮುಳ್ಳು ಎಂದೆ. ಬಳ್ಳಾರಿ ಜಾಲಿಯ ಮುಳ್ಳನ್ನು ಕಾಗದದ ಕೊಳವೆಯ ತುದಿಗೆ ಸಿಕ್ಕಿಸಿ, ತಿರುಗುವ ತಟ್ಟೆಯ ಮೇಲೆ ಮೆಲ್ಲಗೆ ಹಿಡಿದರೆ ಕೊಳವೆಯಿಂದ ಹಾಡು ಬರುತ್ತದೆ. ತಟ್ಟೆಯನ್ನು ತಿರುಗಿಸಲು ಒಂದು ಮಣೆ, ಮಣೆಗೂ ಸೈಕಲ್ಲಿನ ಹಿಂದಿನ ಚಕ್ರಕ್ಕೂ ಒಂದು ಪಟ್ಟಿ. ಎಷ್ಟು ವೇಗವಾಗಿ ತುಳಿಯಬೇಕೆಂದು ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಬರಹವಿದ್ದ ನಡುವಿನ ಕಾಗದವನ್ನು ಗೆದ್ದಲು ತಿಂದಿದೆ. ಮೇಲಿನ ರಟ್ಟಿನ ಚಿತ್ರದಲ್ಲಿ ನಾಲ್ಕು ಜೊತೆ ಬೂಟುಗಳು ಉಳಿದಿವೆ, ಬೂಟಿನ ಮೇಲಿನ ಜನ ಗೆದ್ದಲಿನ ಪಾಲು. ಹಾಗಾಗಿ ಹಾಡುವುದು ಗಂಡೋ ಹೆಣ್ಣೋ ಎಂಬ ಜಗಳ ಆ ಮನೆಯಲ್ಲಿ ಮೂರು ತಲೆಮಾರು ನಡೆಯಿತು. ಬೋರಕ್ಕನ ಅಜ್ಜಿಯ ಕಾಲು ಚುರುಕು. ಅವಳು ತುಳಿದಾಗ ಹುಡುಗಿಯೊಬ್ಬಳು ಹಾಡುತ್ತಿದ್ದಳಂತೆ. ತಾಯಿ ತುಳಿದಾಗ ಅದು ನಡುವಯಸ್ಸಿನ ಗಂಡಸು. ಬೋರಕ್ಕನ ಕಾಲು ಸೋತ ಮೇಲೆ ಯಾರೋ ಮುದುಕ ಹಾಸಿಗೆಯಲ್ಲಿ ಮಲಗಿ ನರಳಿದ ಹಾಗೆ. ಆಮೇಲೆ ಮುಳ್ಳು ಉಜ್ಜಿ ಉಜ್ಜಿ ಅದೂ ಹೋಗಿ, ಮೊದಲನೇ ಬದಿಯಲ್ಲಿ ಈಗ ಮಂಡಕ್ಕಿ ಹುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹೋದ ವರ್ಷ ಬೋರಕ್ಕನ ಬಲಗಿವಿ ಮುಚ್ಚಿತು. ಈ ವರ್ಷ ಎಡಗಿವಿ ಸೋರತೊಡಗಿತು. ಒಂದು ದಿನ ನನ್ನನ್ನು ಕರೆದು, “ಇನ್ನೊಂದು ಕಿವಿ ಇರೋವಾಗ್ಲೇ ಆ ಕಡೇದು ಕೇಳ್ಬಿಡ್ಬೇಕು ಕಣಪ್ಪ. ಜೋಡಿಬಂಡೆಗೆ ಕರ್ಕಂಡು ಹೋಗು” ಎಂದಳು.

“ಇಲ್ಲೇ ಹಾಕ್ಕಂಡು ಕೇಳಕ್ಕಾ. ಬಂಡೆಗೇನು ಗೊತ್ತಾಗ್ತೈತೆ?”

“ನೀನು ಮಾತು ಮಾರ್ಕಂಡು ತಿನ್ನೋನು. ಮಾತು ಕೊಡೋದು ಗೊತ್ತು, ಉಳಿಸ್ಕಳೋದು ನಿನಗೆಲ್ಲಿ ಗೊತ್ತು?”

ಇದು ನನಗೆ ನಾಟಿತು. ಬೋಲ್ಟು ಬಿಚ್ಚಿ ಸೈಕಲ್ಲನ್ನು ದಾರಿಗಿಳಿಸಿದೆ. ಹಾಗೆ ಮಾಡುವುದು ಅಪರಾಧ ಎಂದು ಬೇರೆ ಹೇಳಬೇಕಾಗಿಲ್ಲ. ಮಣೆ, ಪಟ್ಟಿ, ಕೊಳವೆ, ಒಂದು ಬಿಂದಿಗೆ ನೀರನ್ನು ಹ್ಯಾಂಡಲಿಗೆ ತಗುಲಿಸಿ, ತಟ್ಟೆಯನ್ನು ಕೌದಿಯಲ್ಲಿ ಸುತ್ತಿ ಬೋರಕ್ಕನ ಹೊಟ್ಟೆಗೆ ಕಟ್ಟಿ, ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿ, ಬೆಳಕು ಹರಿಯುವ ಮುಂಚೆ ಹೊರಟೆವು. ತಟ್ಟೆಸಾಲುಗಳ ನಡುವಿನ ಮಣ್ಣುಹಾದಿ. ಹುಟ್ಟಿದಾಗಿನಿಂದ ತುಳಿದವನು ನಾನು, ಆದರೆ ತುಳಿದಲ್ಲಿಂದ ಒಂದು ಗೇಣು ಕದಲಿದವನಲ್ಲ. ಎರಡು ಸಲ ಬಿದ್ದೆವು. ಮೂರನೆಯ ಸಲ ಸೈಕಲ್ಲಿಗೆ ತನ್ನ ಹಳೆಯ ಕಸುಬು ನೆನಪಾಯಿತೆಂದು ಕಾಣುತ್ತದೆ, ತಾನೇ ಓಡಿತು. ಹಿಂದಿನಿಂದ ಬೋರಕ್ಕ ಕಿರುಚಿದಳು.

“ಲೇ ಪಾಲಾಕ್ಷ, ಮುಖಕ್ಕೆ ಗಾಳಿ ಬತ್ತೈತೆ ಕಣೋ! ಯಾರು ಫ್ಯಾನ್ ಹಾಕಿದ್ದು?”

“ಯಾರೂ ಹಾಕಿಲ್ಲಕ್ಕಾ. ನಾವು ಹೋಗ್ತಾ ಇರೋದೇ ಗಾಳಿ.”

“ತುಳಿಯೋದಕ್ಕೆ ಗಾಳಿ ಬ್ಯಾರೆ ಕೊಡ್ತಿದ್ರಾ ಆಗೆಲ್ಲ!” ಎಂದಳು. ನಿಮಗೆ ಅದು ಪುಕ್ಕಟೆ ಬರುತ್ತಿತ್ತೆಂದು ನೀವು ಲೆಕ್ಕಕ್ಕೆ ಹಿಡಿದಿರಲಾರಿರಿ. ಹಿಡಿಯಿರಿ.

ಬಿಸಿಲೇರಿದ ಮೇಲೆ ಹೊಲದ ಗೇಟಿನಲ್ಲಿ ಕಾವಲುಗಾರ ತಿಪ್ಪೇಶಿ ತಡೆದ. ಕೆಟ್ಟವನಲ್ಲ. ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು, “ಹೊಟ್ಟೆಗೆ ಏನಜ್ಜಿ ಕಟ್ಕಂಡಿರೋದು?” ಎಂದು ಕೇಳಿದ. ಬೋರಕ್ಕ ತನ್ನ ಮುತ್ತಜ್ಜನ ಕನ್ನಡದಲ್ಲಿ ಉತ್ತರ ಕೊಟ್ಟಳು.

“ತಟ್ಟೆ.”

ನಮ್ಮಲ್ಲಿ ತಟ್ಟೆ ಕದಿಯುವುದಕ್ಕಿಂತ ದೊಡ್ಡ ಕಳ್ಳತನವಿಲ್ಲ. ತಿಪ್ಪೇಶಿ ಕೌದಿ ಬಿಚ್ಚಿದ. ಒಳಗಿರುವುದೂ ಕಪ್ಪಗೆ, ನುಣ್ಣಗೆ, ಥಳಥಳ ಹೊಳೆಯುವಂಥದ್ದೇ. “ದುಂಡಂದು ಯಾವಾಗ ಬಂತು?” ಎಂದ. ಅದು ಹಾಡಿನ ತಟ್ಟೆಯೆಂದು ನಾನು ಹೇಳಿದೆ. “ಆಗ್ಲಿ, ನ್ಯಾಯ ನ್ಯಾಯವೇ. ಬಿಸಿಲಿಗಿಡ್ತೀನಿ. ಕರೆಂಟ್ ಬಂದ್ರೆ ನಮ್ದು, ಬರದಿದ್ರೆ ನಿಮ್ದು” ಎಂದು ಅದನ್ನು ಹೊಲದ ತಟ್ಟೆಯೊಂದರ ಮೇಲೆ ಮಲಗಿಸಿ, ಅಂಚಿಗೆ ಎರಡು ತಂತಿ ತಾಗಿಸಿ, ಮೀಟರಿನ ಮುಂದೆ ಕುಳಿತ. ಆ ಹೊತ್ತಿಗೆ ಹೊಲದ ತಟ್ಟೆಯ ಮೇಲೆ ರೊಟ್ಟಿ ಬೇಯುತ್ತದೆ.

ನಾನು ಮಾತು ಶುರು ಮಾಡಿದೆ. ಕಾಟಯ್ಯನ ಕಥೆ ಹೇಳಿದೆ, ಭಾನುವಾರದ ಕಥೆ ಹೇಳಿದೆ, ಬಿಗಿ ಚಡ್ಡಿಯ ವಿಷಯ ಹೇಳಿ ಅವನನ್ನು ನಗಿಸಿದೆ. ಅವನಿಗೆ ರುಚಿ ಹತ್ತಿತು. “ಆಮ್ಯಾಕೆ?” ಎನ್ನುತ್ತ ಹೋದ. ಗಿರಾಕಿ ಒಲಿಯುತ್ತಿದ್ದಾನೆಂದು ನನಗೆ ಹುರುಪು. ನನ್ನ ಮಾತು ಉದ್ದವಾದಷ್ಟೂ ಅಲ್ಲಿ ತಟ್ಟೆ ಮೆದುವಾಗುತ್ತಿತ್ತು. ಬೋರಕ್ಕ ಎರಡು ಸಲ, “ಅದು ಒಂಥರಾ ಆಗ್ತೈತೆ ನೋಡ್ರಪ್ಪ” ಎಂದಳು. ಇಬ್ಬರೂ ನೋಡಲಿಲ್ಲ. ಕೊನೆಯವರೆಗೂ ಮೀಟರಿನ ಮುಳ್ಳು ಅಲುಗಲಿಲ್ಲ. ತಿಪ್ಪೇಶಿ ಕೈಮುಗಿದು, “ನಿಮ್ದೇ ಕಣಜ್ಜಿ” ಎಂದು ಎತ್ತಿ ಕೊಟ್ಟಾಗ ಅದರ ಒಂದು ಅಂಚು ಬಾಣಲೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಸೈಕಲ್ ಇಳಿಸಿದ್ದಕ್ಕೆ ಆರು ತುಳಿತ ದಂಡ ಬರೆದು ಬಿಟ್ಟುಕೊಟ್ಟ.

ಜೋಡಿಬಂಡೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಚೌಕನೆಯ ಒಂದು ಹಳ್ಳ, ಮನೆ ಹೂಳುವಷ್ಟು ಆಳ. ಎರಡೂ ಬಂಡೆಗಳನ್ನು ಒಡೆದು ಜಲ್ಲಿ ಮಾಡಿ ಹೊಲದ ತಟ್ಟೆಗಳ ಕಂಬಕ್ಕೆ ಸುರಿದು ಎಷ್ಟು ಕಾಲವಾಗಿತ್ತೋ. ಬೋರಕ್ಕ ಹಳ್ಳವನ್ನೂ ನಾವು ಬಂದ ಸಾಲುಗಳನ್ನೂ ನೋಡಿ, “ಹಂಗಾರೆ ಬೆಳಿಗ್ಗಿಂದ ಬಂಡೆ ಪಕ್ಕದಾಗೇ ಬಂದಿದೀವಿ ಬಿಡು. ಇಳ್ಸು” ಎಂದಳು.

ಜಲ್ಲಿ ಸಾಗಿಸಿದ ಇಳಿಜಾರಿನಲ್ಲಿ ಇಳಿದು, ಹಳ್ಳದೊಳಗೆ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪಟ್ಟಿ ಕಟ್ಟಿ, ಮಣೆಯ ಮೇಲೆ ಎರಡನೇ ಬದಿಯನ್ನು ಮೇಲಕ್ಕೆ ಮಾಡಿ ಇಟ್ಟೆ. ತಾನೇ ತುಳಿಯುತ್ತೇನೆಂದು ಬೋರಕ್ಕ ಹಟ ಹಿಡಿದಳು. ಕೊಳವೆಯನ್ನು ಅವಳ ಎಡಗಿವಿಗೆ ಹತ್ತಿರ ಬರುವಂತೆ ಹಿಡಿದೆ. ಮೊದಲು ಒಂದು ತಂತಿ, ಯಾರೋ ಯೋಚನೆ ಮಾಡುತ್ತ ಮೀಟಿದ್ದು. ಅದರ ಹಿಂದೆ ಇನ್ನೊಂದು. ಆಮೇಲೆ ಮದ್ದಳೆಯಂಥದ್ದು ಒಟ್ಟಿಗೆ ಬಂದು ಬಿತ್ತು, ಹಳ್ಳದ ನಾಲ್ಕೂ ಗೋಡೆ ಅದನ್ನು ನಮ್ಮ ಮೇಲೆ ವಾಪಸ್ಸು ಎಸೆದವು. ಬೋರಕ್ಕನ ಕಾಲು ನಾನು ಎಂದೂ ಕಾಣದ ಹಾಗೆ ಚುರುಕಾಯಿತು. ದನಿ ಬಂತು. ಒಂದು ಸಾಲು ಹಾಡಿತು, ಎರಡನೆಯ ಸಾಲಿಗೆ ಏರತೊಡಗಿತು, ಮುಳ್ಳು ಉಬ್ಬಿಗೆ ಬಡಿದು ಹಾರಿ ಹಿಂದಕ್ಕೆ ಬಿತ್ತು. ಮತ್ತೆ ಅದೇ ಸಾಲು. ಮತ್ತೆ ಏರುವ ಹೊತ್ತಿಗೆ ಉಬ್ಬು. ಮತ್ತೆ ಅದೇ.

“ಭಜನೆ ಹಂಗೆ ಪಲ್ಲವಿ ಬಿಡ್ತಾನೇ ಇಲ್ಲ ನೋಡು” ಎಂದು ಬೋರಕ್ಕ ಖುಷಿಯಾಗಿ ತುಳಿದಳು.

ಅದು ಪಲ್ಲವಿಯಲ್ಲವೆಂದು ನನಗೆ ಗೊತ್ತಿತ್ತು. ಮುಳ್ಳನ್ನು ಉಬ್ಬು ದಾಟಿಸಲು ನೋಡಿದೆ, ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದು ಮುರಿಯುವ ಹೊತ್ತಿಗೆ ಅವಳಿಗೂ ತಿಳಿದಿತ್ತು. ಆ ಒಂದೇ ಸಾಲು ಅಷ್ಟರಲ್ಲಿ ಸವೆದು ಮಂಡಕ್ಕಿಯಾಗಿತ್ತು. ಅವಳು ಕಾಲು ನಿಲ್ಲಿಸಿ ಸೀಟಿನ ಮೇಲೆಯೇ ಕುಳಿತಿದ್ದಳು.

“ಗಂಡ್ಸಾ, ಹೆಂಗ್ಸಾ?”

“ಗೊತ್ತಾಗ್ಲಿಲ್ಲಕ್ಕಾ.”

“ಆ ಏರಿದ ಮ್ಯಾಲೆ ಏನೈತೆ?”

“ಕಾಟಯ್ಯಂಗೆ ಗೊತ್ತು.”

“ಹಂಗಾರೆ ಆ ಯಪ್ಪನ್ನೇ ಕೇಳು. ಬರೆಯಾಕೆ ಕಲ್ತಿದೀಯಲ್ಲ. ಮಾತು ಕೊಡು.” ಕೊಟ್ಟೆ.

ಹಾಗಾಗಿ ಈ ಕಾಗದ. ಒಂದು ಭಾನುವಾರ ಬೆಳಿಗ್ಗೆ ಜೋಡಿಬಂಡೆಯ ದಾರಿಯಲ್ಲಿ ಅಂಚೆ ಕಚೇರಿಯ ಕಾಟಯ್ಯ ಎಂಬವರು ಸಿಕ್ಕರೆ ದಯವಿಟ್ಟು ನಿಲ್ಲಿಸಿ ಎರಡೇ ಮಾತು ಕೇಳಿ. ಹಾಡುವವರು ಗಂಡೋ ಹೆಣ್ಣೋ? ಎರಡನೇ ಬದಿಯಲ್ಲಿ ಆ ದನಿ ಏರಿದ ಮೇಲೆ ಎಲ್ಲಿಗೆ ಹೋಗುತ್ತದೆ? ಉತ್ತರವನ್ನು ಬಂಡೆಯ ಮೇಲೆ ಕೆತ್ತಬೇಡಿ, ಅದು ಜಲ್ಲಿಯಾಗುತ್ತದೆ. ಕಾಗದದಲ್ಲಿ ಇಡಬೇಡಿ, ಗೆದ್ದಲಿದೆ. ಮಕ್ಕಳಿಗೆ ಹೇಳಬಹುದು, ಅವರು ತಮ್ಮ ಮಕ್ಕಳಿಗೆ ಬೇರೆ ವೇಗದಲ್ಲಿ ಹೇಳುತ್ತಾರೆ. ಉತ್ತರ ಇಲ್ಲಿಗೆ ಬರುವ ದಾರಿ ನನಗೆ ಕಾಣುವುದಿಲ್ಲ. ಈ ಕಾಗದ ಅಲ್ಲಿಗೆ ಬರುವ ದಾರಿಯೂ ಕಾಣುವುದಿಲ್ಲ. ಬಂದರೂ ಕೇಳಿಸಿಕೊಳ್ಳುವವರಿಲ್ಲ: ಹೋದ ವಾರ ಬೋರಕ್ಕನ ಎಡಗಿವಿಯೂ ಮುಚ್ಚಿತು. ಕೊಟ್ಟ ಮಾತೊಂದು ಕೈಯಲ್ಲಿದೆ, ಅಷ್ಟಕ್ಕೆ ಬರೆದೆ.

ಇನ್ನು ಲಾಭದ ಬಾಬ್ತು.

ಹೊಲದವರಿಗೆ, ದಂಡದಲ್ಲಿ ಐದು ತುಳಿತ.
ತಿಪ್ಪೇಶಿಗೆ, ಉಳಿದ ಒಂದು ತುಳಿತ, ಮತ್ತು ಬಿಗಿ ಚಡ್ಡಿಯ ಕಥೆ.
ಜೋಡಿಬಂಡೆಗೆ, ಏನೂ ಇಲ್ಲ.
ನನಗೆ, ಒಂದು ಭಾನುವಾರ.
ಬೋರಕ್ಕನಿಗೆ, ಮುಖದ ಮೇಲೆ ಗಾಳಿ, ಹಾಡಿನ ಒಂದು ಸಾಲು.
ನಿಮಗೆ, ಎರಡೂ ಬದಿ.