ಎಂಬತ್ತಾರು ಕಿಲೋದ ಹಲಗೆ

ಜುಲೈ 2, ಬೆಳಿಗ್ಗೆ 6.20

ಎರಡನೇ ಸಲದ ಬ್ರೆಡ್ಡು ಒಲೆಯೊಳಗೆ. ಸೌದೆ ಹಸಿ — ಹೊಗೆಗೆ ಕಣ್ಣು ಉರಿ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜುಲೈ ಅಂದರೆ ನಡುಚಳಿಗಾಲ. ಹೊರಗೆ ಹಿಮ ಬೀಳುತ್ತಿದೆ, ಆದರೆ ಮನಸ್ಸಿಲ್ಲದ ಹಿಮ. ಜರಡಿಯಲ್ಲಿ ಉಳಿದ ತರಿಯ ಹಾಗಿದೆ.

ನಿನ್ನೆ ಬಾಲ್ಡೋ ಬ್ರೆಡ್ಡಿಗೆ ಬಂದಿದ್ದ. ಈಗ ದೊಡ್ಡ ಗೈಡು, ಜನರನ್ನು ಜ್ವಾಲಾಮುಖಿಯ ಬಾಯಿಯವರೆಗೆ ಹತ್ತಿಸುವವನು. ನನ್ನ ಕಣ್ಣಿಗೆ ಮಾತ್ರ ಇನ್ನೂ ಮೂಗು ಸುರಿಸಿಕೊಂಡು ಈ ಒಲೆಯ ಮುಂದೆ ಕೂರುತ್ತಿದ್ದವನೇ. ಸೆಪ್ಟೆಂಬರಿನಲ್ಲಿ ಚಿಕ್ಕಮ್ಮಂದಿರ ತಂಡವನ್ನು ಈ ಸಲವೂ ಮೇಲಕ್ಕೆ ಕರೆದೊಯ್ಯುತ್ತಾನಂತೆ. ಚಿಕ್ಕಮ್ಮಂದಿರು ಅಂದರೆ ನಾವೇ ಆರು ಹೆಂಗಸರು. ಎಲ್ಲರಿಗೂ ಐವತ್ತು ದಾಟಿದೆ. ಕಣಿವೆಯ ಮಕ್ಕಳು ಕರೆಯುವುದೇ ಹಾಗೆ.

"ನಾನೂ ಲೆಕ್ಕದಲ್ಲಿ ಇದೀನಿ ತಾನೆ?" ಎಂದೆ.

"ಆ ಹಳೇ ಸ್ನೋಬೋರ್ಡ್ ತಗೊಂಡ್ ಬಂದ್ರೆ ಇಲ್ಲ ಚಿಕ್ಕಮ್ಮ. ಹೋದ್ ವರ್ಷ ನನ್ ಜೀವ ಬಾಯಿಗೆ ಬಂದಿತ್ತು."

ನನ್ನದೂ ಬಂದಿತ್ತು. ಜ್ವಾಲಾಮುಖಿಯ ಬಾಯಿಗಿಂತ ಇನ್ನೂರು ಮೀಟರ್ ಕೆಳಗೆ, ಹತ್ತುವ ದಾರಿಯಲ್ಲೇ ಹಲಗೆಯ ಮೇಲೆ ಅಡ್ಡ ಹಾಯಬೇಕಾದ ಜಾಗ. ಗಾಜಿನಂಥ ಹಿಮ. ನನ್ನ ಮೆತ್ತಗಿನ ಹಲಗೆ ಗಡಗಡ ನಡುಗಿತು, ಅಂಚು ಹಿಡಿಯಲಿಲ್ಲ. ನಲವತ್ತು ಮೀಟರ್ ಜಾರಿ ಒಂದು ಬಂಡೆಗೆ ಒರಗಿ ನಿಂತೆ. ಬಾಲ್ಡೋ ಹಗ್ಗ ಕಟ್ಟಿ ಕೆಳಗಿಳಿಸಿದ, ಹಸುವನ್ನು ಇಳಿಸಿದ ಹಾಗೆ. ಉಳಿದ ಐವರು ದಕ್ಷಿಣದ ಮುಖದಲ್ಲಿ ಇಳಿದು ಸಂಜೆ ಹುಬ್ಬಿಗೆಲ್ಲ ಹಿಮ ಮೆತ್ತಿಕೊಂಡು ನಗುತ್ತಾ ಬಂದರು. ನಾನೂ ನಕ್ಕೆ. ಮಾರನೆಯ ದಿನ ಅವರಿಗೇ ಬ್ರೆಡ್ಡು ಕೊಡುವಾಗ ಚಿಲ್ಲರೆ ಎರಡು ಸಲ ತಪ್ಪಾಗಿ ಎಣಿಸಿದೆ.

ಬಾಲ್ಡೋನ ಷರತ್ತು: ಒಳ್ಳೆಯ ಹಲಗೆ. ಆಮೇಲೆ ಪರೀಕ್ಷೆ. ಇಳಿಜಾರಿನ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟ್ ತೆರೆಯುವ ಹೊತ್ತಿನ ಗಟ್ಟಿ ಹಿಮದ ಮೇಲೆ, ಮೇಲಿಂದ ಕೆಳಗಿನವರೆಗೆ, ಎಲ್ಲೂ ಜಾರದೆ ಅಂಚಿನಿಂದಲೇ ಗೆರೆ ಕೊರೆಯಬೇಕು.

"ನಿಮ್ಮನ್ನ ನೋಡಲ್ಲ ಚಿಕ್ಕಮ್ಮ, ಗೆರೆ ನೋಡ್ತೀನಿ. ಗೆರೆ ಸುಳ್ಳು ಹೇಳಲ್ಲ."

ಬ್ರೆಡ್ಡು ಸೀಯುತ್ತಿದೆ —

ಜುಲೈ 5

ದೋನ್ ಗುಮೆರ್ಸಿಂದೋ ಅವರ ಶೆಡ್ಡಿಗೆ ಹೋಗಿದ್ದೆ. ಕಣಿವೆಯ ಕೆಳತುದಿ. ಮೊದಲು ದೋಣಿ ಮಾಡುತ್ತಿದ್ದವರು, ಮೂವತ್ತು ವರ್ಷದಿಂದ ಸ್ನೋಬೋರ್ಡ್. ಲೆಂಗಾ ಮರದ ಪಟ್ಟಿ ಜೋಡಿಸಿ, ಅಂಟು ಹಾಕಿ, ಒತ್ತಿ... ಒಳಗೆ ಕಾಲಿಟ್ಟರೆ ಅಂಟಿನ ವಾಸನೆಗೆ ತಲೆ ಗಿರ್ರೆನ್ನುತ್ತದೆ.

"ಯಾವುದಕ್ಕೆ ಬೇಕು?"

"ಗಟ್ಟಿ ಹಿಮ ಕೊರೀಬೇಕು. ವೇಗದಲ್ಲಿ ನಡುಗಬಾರದು. ಪುಡಿಹಿಮದಲ್ಲಿ ಮೂಗು ಮುಳುಗಬಾರದು."

"ಓಹೋ. ಹುಡುಗ ಎತ್ತರ ಇರ್ಬೇಕು, ಆಸ್ತಿ ಇರ್ಬೇಕು, ಅತ್ತೆ ಮಾತ್ರ ಇರಬಾರದು ಅಂದಂಗಾಯ್ತು."

ಎರಡು ಅಚ್ಚು ತೋರಿಸಿದರು. ಒಂದು ಮಧ್ಯಮ. ಕೈಯಿಂದ ಒತ್ತಿದರೆ ಬಾಗುತ್ತದೆ, ಎಲ್ಲಕ್ಕೂ ಒಗ್ಗುತ್ತದೆ. ಇನ್ನೊಂದು ಗಟ್ಟಿ. ಮೂಗು ಅಗಲ, ಬಾಲ ಗಿಡ್ಡ. ಮೊಣಕಾಲೂರಿ ಒತ್ತಿದರೂ ಅಲುಗಲಿಲ್ಲ.

"ಇದು ಗಾಜಿನ ಮೇಲೂ ನಿಲ್ಲುತ್ತೆ. ಆದ್ರೆ ಸುಮ್ನೆ ನಿಂತ್ಕೊಂಡ್ರೆ ಕೆಡವುತ್ತೆ. ಸೋಮಾರಿಗಳಿಗಲ್ಲ."

ಗಟ್ಟಿಯದೇ ಬೇಕು ಎಂದೆ. ಬಾಯಿಗೆ ಬಂದುಬಿಟ್ಟಿತು. ಆಮೇಲೆ ತೂಕ ಕೇಳಿದರು — ಆಳಿಗೆ ತಕ್ಕ ಬಿಗಿ ಇಡಬೇಕಲ್ಲ. ಎಪ್ಪತ್ತೆಂಟು ಅಂದೆ. ಸುಳ್ಳಲ್ಲ. ಬೆಳಿಗ್ಗೆಯೇ ಹಿಟ್ಟಿನ ಮೂಟೆ ತೂಗುವ ತಕ್ಕಡಿ ಹತ್ತಿ ನೋಡಿಕೊಂಡಿದ್ದೆ. ಶೂ ಬಿಚ್ಚಿ. ಎಪ್ಪತ್ತು ಅನ್ನೋಣವೇ ಎಂದು ಒಂದು ಗಳಿಗೆ ನಾಲಿಗೆ ತುದಿಗೆ ಬಂದಿತ್ತು... ನುಂಗಿದೆ. ಐವತ್ಮೂರು ವರ್ಷಕ್ಕೆ ಇನ್ನೇನು ಮುಚ್ಚುಮರೆ.

ದೋನ್ ಗುಮೆರ್ಸಿಂದೋ ಬರೆದುಕೊಂಡು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಹ್ಞೂಂ" ಎಂದರು. ಆ ಹ್ಞೂಂ ಏಕೋ ಉದ್ದವಾಗಿತ್ತು.

ಜುಲೈ 23

ಬಂತು! ಕೆಳಗೆ ಕಪ್ಪು, ಮೇಲೆ ಮರದ್ದೇ ಬಣ್ಣ. ಅಡುಗೆಮನೆಯ ಗೋಡೆಗೆ ಒರಗಿಸಿದೆ. ಊಟ ಮಾಡುತ್ತಾ ನೋಡಿದೆ. ಪಾತ್ರೆ ತೊಳೆಯುತ್ತಾ ನೋಡಿದೆ. ತಂಗಿ ಇರ್ಮಾ ಅಂಗಡಿ ಬಾಗಿಲು ಹಾಕಿ ಬಂದವಳು, "ಅಕ್ಕ, ಅದಕ್ಕೂ ಒಂದ್ ತಟ್ಟೆ ಇಡ್ಲಾ?" ಎಂದಳು.

ಜುಲೈ 24

ಏಳು ಸಲ ಬಿದ್ದೆ.

ಜುಲೈ 26

ಎಣಿಸಲಿಲ್ಲ.

ಆಗಸ್ಟ್ 5

ಎರಡು ವಾರ. ಈ ಹಲಗೆ ನನ್ನ ಮಾತು ಕೇಳುವುದಿಲ್ಲ. ತಿರುಗಿಸಲು ಹೋದರೆ ನೇರ ಓಡುತ್ತದೆ. ಅಂಚು ಹಾಕಿದರೆ ಬಾಗುವುದೇ ಇಲ್ಲ, ಬಾಗಿಲ ಪಟ್ಟಿಯ ಮೇಲೆ ನಿಂತ ಹಾಗೆ. ನಿನ್ನೆ ಲಿಫ್ಟಿನ ಸಾಲಿಗೇ ನುಗ್ಗಿ ಸಾಂತಿಯಾಗೋದಿಂದ ಬಂದ ಒಬ್ಬ ಮಹನೀಯರನ್ನು ಮಲಗಿಸಿದೆ. ಕ್ಷಮೆ ಕೇಳಿದೆ. ಅವರ ಹೆಂಡತಿ ಮಾತ್ರ ನಗುತ್ತಲೇ ಇದ್ದರು.

ಚಿಕ್ಕಮ್ಮಂದಿರಲ್ಲಿ ಇಬ್ಬರು ಬಂದು ಉಪದೇಶ ಮಾಡಿಹೋದರು. ವಾಪಸ್ ಕೊಡು, ಮಧ್ಯಮದ್ದು ತಗೋ, ಆಸೆಗೂ ಒಂದು ಮಿತಿ ಬೇಕು. ಅವರು ಹೋದ ಮೇಲೆ ಹಿಟ್ಟು ನಾದಿದೆ, ಬೇಕಾದ್ದಕ್ಕಿಂತ ಜೋರಾಗಿ.

ನನಗೆ ಭಯವಾಗುತ್ತಿದೆ. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲವಲ್ಲ. ಸ್ವಲ್ಪ ವೇಗ ಬಂದರೆ ಸಾಕು, ಆ ಬಂಡೆ ಕಣ್ಣ ಮುಂದೆ ಬರುತ್ತದೆ. ಆಗ ಹಿಂದಿನ ಕಾಲಿಗೆ ಭಾರ ಹಾಕುತ್ತೇನೆ. ಆಗಲೇ ಬೀಳುತ್ತೇನೆ.

ಆಗಸ್ಟ್ 6

ಶೆಡ್ಡಿಗೆ ಹೋಗಿ ಜಗಳಕ್ಕೆ ನಿಂತೆ. ದೋನ್ ಗುಮೆರ್ಸಿಂದೋ ಹಲಗೆಯನ್ನು ಎರಡು ಮೇಜಿನ ನಡುವೆ ಇಟ್ಟು ಒತ್ತಿ ನೋಡಿದರು.

"ಸರಿಯಾಗೇ ಇದೆ. ಎಂಬತ್ತಾರು ಕಿಲೋಗೆ ಮಾಡಿದ್ದು."

"ನಾನು ಎಪ್ಪತ್ತೆಂಟು ಅಂದಿದ್ದು!"

"ಹೌದು. ಅದಕ್ಕೇ ಎಂಟು ಸೇರಿಸ್ದೆ."

"ಯಾಕೆ?"

"ಯಾಕೆ ಅಂದ್ರೆ? ಎಲ್ರಿಗೂ ಸೇರಿಸ್ತೀನಿ. ಈ ಬೆಟ್ಟದಲ್ಲಿ ನಿಜ ತೂಕ ಹೇಳೋರು ಯಾರಿದಾರೆ? ಹೆಂಗಸ್ರಿಗೆ ಎಂಟು. ಗಂಡಸ್ರಿಗೆ ಹತ್ತು, ಅವರಿನ್ನೂ ದೊಡ್ಡ ಸುಳ್ಳರು. ಪಾದ್ರಿಗಳಿಗೂ ಆರು ಸೇರಿಸಿದೀನಿ."

"ನಾನು ತಕ್ಕಡಿ ಹತ್ತಿ ನೋಡಿ ಹೇಳಿದ್ದು. ಹಿಟ್ಟಿನ ತಕ್ಕಡಿ. ಶೂ ಬಿಚ್ಚಿ."

ಮುದುಕರು ನನ್ನ ಮುಖ ನೋಡಿದರು. ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ ನಗು ಶುರುವಾಯಿತು ನೋಡು... ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ನಗುತ್ತಾರೆ.

"ಮೂವತ್ತು ವರ್ಷದಲ್ಲಿ ನೀವೇ ಮೊದಲನೇವ್ರು, ನೋಲ್ಫಾ! ಒಬ್ಬರಾದ್ರೂ ನಿಜ ಹೇಳಬಹುದು ಅಂತ ನನಗೆ ಹೊಳೀಲೇ ಇಲ್ಲ!"

ನಿಜ ಹೇಳಿದ್ದಕ್ಕೆ ನನಗೆ ಎರಡು ವಾರ ಮೈಕೈ ನೋವು. ಕೋಪ ಬರಬೇಕಿತ್ತು. ನಾನೂ ನಕ್ಕೆ. ಮಧ್ಯಮದ ಹಲಗೆಯೊಂದು ಸಿದ್ಧವಿದೆ, ಬದಲಾಯಿಸಿಕೊಡುತ್ತೇನೆ, ಆದರೆ ಆ ಗಾಜಿನಂಥ ಜಾಗಕ್ಕೆ ಅದು ಸಾಲುತ್ತದೆ ಎಂದು ಆಣೆ ಇಡಲಾರೆ ಎಂದರು. ಭಾನುವಾರದೊಳಗೆ ಹೇಳಬೇಕು.

ಮನೆಗೆ ಬಂದು ಇರ್ಮಾಗೆ ಹೇಳಿದರೆ ನೆಲದ ಮೇಲೆ ಹೊರಳಾಡಿದಳು.

"ಎಂಟು ಕಿಲೋ ತಾನೆ ಅಕ್ಕ? ಸೆಪ್ಟೆಂಬರ್ ಹಬ್ಬದೊಳಗೆ ತಿಂದ್ಬಿಡು! ಆಗ್ಲಿಲ್ವಾ, ಎಂಟು ಕಿಲೋ ಹಿಟ್ಟು ಬೆನ್ನಿಗೆ ಕಟ್ಕೊಂಡ್ ಹೋಗು."

ಅವಳು ತಮಾಷೆಗೆ ಹೇಳಿದ್ದು.

ಆಗಸ್ಟ್ 7, ಮಧ್ಯಾಹ್ನ 2

ಕಟ್ಟಿಕೊಂಡು ಹೋದೆ. ತೂಗಿ, ಬಟ್ಟೆಚೀಲಕ್ಕೆ ಹಾಕಿ, ಬೆನ್ನಚೀಲದಲ್ಲಿ ಬಿಗಿದು. ಎಂಟು ಕಿಲೋ ಗೋಧಿಹಿಟ್ಟು.

ಹಲಗೆ ಬಾಗಿತು!! ಲಿಫ್ಟಿನ ಮೂರನೇ ಕಂಬದ ಹತ್ತಿರ, ಎಡಕ್ಕೆ ಒಂದೇ ಒಂದು ತಿರುವು. ಒಂದು ಸಲ ಕಚ್ಚಿ ಹಿಡಿಯಿತು ನೋಡು, ನಡುಕವೇ ಇಲ್ಲ. ಸದ್ದೂ ಇಲ್ಲ. ಹಿಂದೆ ತಿರುಗಿ ನೋಡಿದರೆ ಚಾಕುವಿನಿಂದ ಕಣಕದ ಮೇಲೆ ಎಳೆದಂಥ ಸಣ್ಣ ಗೆರೆ. ನಾನು ಎಳೆದದ್ದು! ಬಾಯಿಂದ ಏನೋ ಕೂಗು ಬಂತು, ಲಿಫ್ಟಿನಲ್ಲಿ ಕೂತವರೆಲ್ಲ ಬಗ್ಗಿ ನೋಡಿದರು.

ಆ ಖುಷಿಯಲ್ಲೇ ಬಿದ್ದೆ. ಚೀಲ ಒಡೆಯಿತು. ಹಿಟ್ಟೆಲ್ಲ ಹಿಮದ ಪಾಲು. ಎಲ್ಲಿದ್ದನೋ ಬಾಲ್ಡೋ, ಬಂದು ನಿಂತ.

"ಹಿಮ ಸಾಲ್ದು ಅಂತ ನೀವೂ ಸ್ವಲ್ಪ ಹಾಕ್ತಿದೀರಾ ಚಿಕ್ಕಮ್ಮ?"

ಕಥೆ ಹೇಳಿದೆ. ನಗಲಿಲ್ಲ ಅವನು, ಯೋಚಿಸಿದ. "ಹಿಟ್ಟಲ್ಲ ನಿಮಗೆ ಬೇಕಿರೋದು. ವೇಗ. ತಿರುವಲ್ಲಿ ವೇಗ ಇದ್ರೆ ಎಪ್ಪತ್ತೆಂಟೇ ನೂರರ ಭಾರ ಒತ್ತುತ್ತೆ. ನೀವು ತಿರುವು ಬಂತು ಅಂದ್ರೆ ಬ್ರೇಕ್ ಹಾಕ್ತೀರ. ಎಲ್ಲಿಂದ ಬಾಗ್ಬೇಕು ಅದು?"

ಹೇಳುವುದು ಸುಲಭ. ಅವನು ಬಂಡೆಗೆ ಒರಗಿ ನಿಂತವನಲ್ಲ.

ಆಗಸ್ಟ್ 11, ಭಾನುವಾರ

ದೋನ್ ಗುಮೆರ್ಸಿಂದೋಗೆ ಹೇಳಿ ಕಳಿಸಿದೆ. ಗಟ್ಟಿಯದೇ ಇರಲಿ. ಆ ಒಂದು ತಿರುವು ಮರೆಯಲು ಆಗುತ್ತಿಲ್ಲ. ಮಧ್ಯಮದ್ದು ತಂದರೆ ಸುಖವಾಗಿರುತ್ತೇನೆ, ಮತ್ತು ಸೆಪ್ಟೆಂಬರಿನಲ್ಲಿ ಕೆಳಗೇ ಇರುತ್ತೇನೆ.

ಹಿಟ್ಟು ಈಗ ಆರು ಕಿಲೋ. ವೇಗ ಹೆಚ್ಚಿದ ಹಾಗೆ ಹಿಟ್ಟು ಇಳಿಸುತ್ತಾ ಹೋಗಬೇಕು. ಎರಡೆರಡು ಚೀಲದೊಳಗೆ ಹಾಕಿ.

ಆಗಸ್ಟ್ 16

ನಾಲ್ಕೂವರೆ ಕಿಲೋ. ಸೊಂಟ ಹಿಡಿದಿದೆ. ಅಂಗಡಿಗೆ ಬರುವವರೆಲ್ಲ "ಇವತ್ತು ಎಷ್ಟು ಕಿಲೋ?" ಎಂದು ಕೇಳುತ್ತಾರೆ. ಇರ್ಮಾ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದೇ ಶುರು ಮಾಡಿದ್ದಾಳೆ, ಬ್ರೆಡ್ಡಿನ ಬೆಲೆಯ ಕೆಳಗೆ.

ಆಗಸ್ಟ್ 22

ನಾಲ್ಕು ದಿನ ಬಿರುಗಾಳಿ. ರಸ್ತೆ ಬಂದ್, ಕರೆಂಟಿಲ್ಲ. ಕುಂಬಳಕಾಯಿ ಸೋಪೈಪಿಯಾ ಕರಿದು ತಿಂದಿದ್ದೇ ಕೆಲಸ. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟರೆ ನೀಲಿ ಆಕಾಶ, ಸೊಂಟದುದ್ದ ಹಿಮ.

ಹಿಟ್ಟಿನ ಚೀಲ ಮರೆತೇ ಹೋದೆ.

ಮರಗಳ ನಡುವೆ ಇಳಿದೆ. ಅಗಲ ಮೂಗು ಮೇಲೇ ಇತ್ತು, ಮುಳುಗಲಿಲ್ಲ. ಪುಡಿಹಿಮ ಎದೆಗೆ, ಬಾಯಿಗೆ, ಕನ್ನಡಕದೊಳಗೆ. ವೇಗ ಬಂತು. ಬಂಡೆ ನೆನಪಾಗಲಿಲ್ಲ... ಬಿದ್ದರೂ ಹಾಸಿಗೆಯ ಮೇಲೆ ಬಿದ್ದ ಹಾಗಲ್ಲವೇ. ಅದಕ್ಕೇ ಇರಬೇಕು, ಮೊದಲ ಸಲ ಮುಂದಿನ ಕಾಲಿಗೆ ಭಾರ ಬಿಟ್ಟೆ. ಬಿಟ್ಟ ಕೂಡಲೇ ಹಲಗೆ ನನ್ನದಾಯಿತು. ಅಷ್ಟೇ. ಇಷ್ಟು ದಿನ ಅದು ಕೇಳುತ್ತಿದ್ದದ್ದು ಅಷ್ಟೇ.

ಸಂಜೆ ಇರ್ಮಾ ಸೀಮೆಸುಣ್ಣ ಹಿಡಿದು ಕೇಳಿದಳು. ಸೊನ್ನೆ ಅಂದೆ. ನಂಬಲಿಲ್ಲ. ಚೀಲ ತೂಗಿ ನೋಡಿದಳು.

ಸೆಪ್ಟೆಂಬರ್ 3

ಪರೀಕ್ಷೆ. ಒಂಬತ್ತಕ್ಕೆ ಲಿಫ್ಟಿನ ಮೊದಲ ಕುರ್ಚಿ. ರಾತ್ರಿ ಹೆಪ್ಪುಗಟ್ಟಿದ ಹಿಮ, ಬೂಟಿನಲ್ಲಿ ಒದ್ದರೆ ಟಣ್ ಅನ್ನುತ್ತದೆ. ನಾನು ಇಳಿದ ಮೇಲೆ ಬಾಲ್ಡೋ ಕೆಳಗಿಂದ ನಡೆದು ಮೇಲೆ ಬಂದ, ಗೆರೆಯ ಪಕ್ಕದಲ್ಲೇ, ತಲೆ ತಗ್ಗಿಸಿಕೊಂಡು. ಆರನೇ ಕಂಬದ ಹತ್ತಿರ ನಿಂತ. ಅಲ್ಲಿ ಹಲಗೆ ಜಾರಿ ಗೆರೆ ಅಗಲವಾಗಿದೆ. ಬೆಣ್ಣೆ ಸವರಿದ ಹಾಗೆ.

ಅಲ್ಲೇ ನನಗೆ ಭಯ ಬಂದದ್ದು. ಗೆರೆಗೆ ಗೊತ್ತಾಗಿಬಿಟ್ಟಿದೆ.

"ಇನ್ನೊಂದ್ ಸಲ ಬನ್ನಿ ಚಿಕ್ಕಮ್ಮ. ಇವತ್ತು ಬೇಡ."

ಅತ್ತೆ. ಲಿಫ್ಟಿನ ಮನೆಯ ಹಿಂದೆ ನಿಂತು, ಚೆನ್ನಾಗಿ. ಆಮೇಲೆ ಹಸಿವಾಯಿತು.

ಸೆಪ್ಟೆಂಬರ್ 10, ಬೆಳಿಗ್ಗೆ 11

ಮತ್ತೆ ಪರೀಕ್ಷೆ. ಆರನೇ ಕಂಬ ಬಂತು. ಅದೇ ಭಯವೂ ಬಂತು. ಬ್ರೆಡ್ಡನ್ನು ಒಲೆಗೆ ತಳ್ಳುವಾಗ ಕೈ ಹಿಂದೆಗೆದರೆ ಕೈಯೇ ಸುಡುವುದು, ಅದು ನನಗೆ ಹತ್ತನೇ ವಯಸ್ಸಿನಿಂದಲೇ ಗೊತ್ತು. ಮುಂದಕ್ಕೆ ಬಾಗಿದೆ. "ಹೋಗು" ಎಂದು ಜೋರಾಗಿಯೇ ಅಂದೆ. ಯಾರಿಗೆ ಅಂದೆನೋ, ಹಲಗೆಗೋ ನನಗೋ.

ಬಾಲ್ಡೋ ಗೆರೆಯ ಉದ್ದಕ್ಕೂ ನಡೆದ. ಒಂದು ಕಡೆ ಬಗ್ಗಿ ಬೆರಳಿಟ್ಟು ನೋಡಿದ. ಸುಮ್ಮನೆ ಕೈಗವಸು ಹಾಕಿಕೊಳ್ಳುತ್ತಾ,

"ಹದಿನೇಳಕ್ಕೆ ಹವೆ ಚೆನ್ನಾಗಿರುತ್ತಂತೆ. ಏಳು ಜನಕ್ಕೆ ಬ್ರೆಡ್ಡು ನೀವೇ ತರಬೇಕು" ಎಂದ.

ಅಪ್ಪಿಕೊಂಡೆ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಢೀ ಹೊಡೆಯಿತು.

ಸೆಪ್ಟೆಂಬರ್ 16

ನಾಡಿದ್ದು ಹದಿನೆಂಟರ ಸ್ವಾತಂತ್ರ್ಯದ ಹಬ್ಬ. ಮಾಂಸ, ಈರುಳ್ಳಿ ತುಂಬಿದ ಕಡುಬು, ಎಂಪನಾಡಾ, ಇನ್ನೂರು ಆರ್ಡರು, ಈರುಳ್ಳಿಗೆ ಕಣ್ಣು ಹೋಗಿದೆ. ಇರ್ಮಾ ನಾಳೆ ಒಬ್ಬಳೇ ನೋಡಿಕೊಳ್ಳುತ್ತಾಳಂತೆ. "ಹೋಗಿ ಬಾ ಅಕ್ಕ. ಈ ಸಲವೂ ಹಗ್ಗದಲ್ಲಿ ಇಳಿದ್ಯೋ, ಅಂಗಡಿಗೆ ಸೇರಿಸಲ್ಲ." ಬೆನ್ನು ತಿರುಗಿಸಿ ಮೂಗೊರೆಸಿಕೊಂಡಳು. ಈರುಳ್ಳಿಯೇ ಇರಬೇಕು.

ದೋನ್ ಗುಮೆರ್ಸಿಂದೋ ಬಂದು ಹಲಗೆಯ ಅಂಚು ಹರಿತ ಮಾಡಿಕೊಟ್ಟು ಹೋದರು. ಈಗ ಯಾರೇ ಬಂದರೂ ಮೊದಲು ತಕ್ಕಡಿ ಹತ್ತಿಸುತ್ತಾರಂತೆ. ಗಿರಾಕಿಗಳು ಕಡಿಮೆಯಾಗಿದ್ದಾರಂತೆ.

ಸೆಪ್ಟೆಂಬರ್ 17, 11.50

ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್. ಬೆರಳು ಮರಗಟ್ಟಿವೆ. ಗಂಧಕದ ವಾಸನೆ.

ಗಾಜಿನ ಜಾಗ ದಾಟಿದೆ. ಆ ಬಂಡೆ ಅಲ್ಲೇ ಇತ್ತು. ಇಷ್ಟು ಚಿಕ್ಕದು! ವರ್ಷವಿಡೀ ಮನೆಯಷ್ಟು ದೊಡ್ಡದಾಗಿತ್ತು. ಹಲಗೆಯ ಅಂಚು ಕಚ್ಚಿಕೊಂಡೇ ಬಂತು, ಒಂದು ಸಲವೂ ಕೈ ಬಿಡಲಿಲ್ಲ.

ಮೂರು ಕಿಲೋ ಬ್ರೆಡ್ಡು ಹೊತ್ತು ತಂದಿದ್ದೆ. ತುಂಡೂ ಉಳಿದಿಲ್ಲ. ಬೆನ್ನಚೀಲ ಹಗುರ. ಐವರೂ ಒಬ್ಬೊಬ್ಬರಾಗಿ ಇಳಿದರು, ಕೇಕೆ ಕೆಳಗಿನಿಂದ ಇನ್ನೂ ಕೇಳುತ್ತಿದೆ. ದಕ್ಷಿಣದ ಮುಖ ಪೂರಾ ಪುಡಿಹಿಮ, ಬಲಗಡೆ ಇನ್ನೂ ಯಾರೂ ಗೆರೆ ಎಳೆದಿಲ್ಲ.

"ಚಿಕ್ಕಮ್ಮ, ಪುಸ್ತಕ ಮುಚ್ಚಿ! ನಿಮ್ದೇ ಸರದಿ!"

ಬೆನ್ನ ಮೇಲೆ ಹಿಟ್ಟಿಲ್ಲ, ಬ್ರೆಡ್ಡಿಲ್ಲ. ನಾನೊಬ್ಬಳೇ, ಎಪ್ಪತ್ತೆಂಟು ಕಿಲೋ. ಭಯವೂ ಇದೆ. ಇರಲಿ, ಅದಕ್ಕೆ ತೂಕವಿಲ್ಲ. ಬಲಗಡೆಯಿಂದ ಇಳಿಯುತ್ತೇನೆ, ಬಂದೆ ಬಾಲ್ಡೋ, ಬಂ